ಡಿಸ್ಕ್ ಜೋಡಣೆಗೆ ಇಪ್ಪತ್ನಾಲ್ಕು ಟವೆಲು

ಎಲ್ಲಿಗೂ ಏಳಬೇಡಿ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಆರಿಸಿ ಬಂದು ಕೂತುಕೊಳ್ಳಿ. ನೆಗಿಶಿ ತಾಮೊತ್ಸು ಅವರ ಈ ಕಥೆಯನ್ನು ಅರ್ಧ ಕೇಳಿ ಎದ್ದುಹೋದವರೆಲ್ಲ ಅವರನ್ನು ಪೆದ್ದ ಎಂದುಕೊಂಡಿದ್ದಾರೆ. ಪೂರ್ತಿ ಕೇಳಿದವರು, ಪೆದ್ದ ಎಂದು ಯಾರನ್ನು ಕರೆಯಬೇಕೋ ತೋಚದೆ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಆದ್ದರಿಂದ ಪೂರ್ತಿ ಕೇಳಿ. ಕೊನೆಗೆ ನಿಮ್ಮನ್ನೂ ಒಂದು ಮಾತು ಕೇಳುವುದಿದೆ.

ನೆಗಿಶಿಯವರು ಇರುವುದು ಹಿನೊಕಿದೈ ಬಡಾವಣೆಯ ಮೂರನೇ ಕಟ್ಟಡದಲ್ಲಿ. ಕೊಡೆಗೆ ಹಿಡಿ ಮಾಡುವ ಕಂಪನಿಯಲ್ಲಿ ಮೂವತ್ತೆಂಟು ವರ್ಷ ದುಡಿದು ಸಹಾಯಕ ವಿಭಾಗಾಧಿಕಾರಿಯಾಗಿ ನಿವೃತ್ತರಾದವರು. ಆ 'ಸಹಾಯಕ' ಎನ್ನುವ ಪದ ಹದಿನಾರು ವರ್ಷ ಅವರ ವಿಸಿಟಿಂಗ್ ಕಾರ್ಡಿನ ಮೇಲೆ, ಚಪ್ಪಲಿಗೆ ಮೆತ್ತಿದ ಚೂಯಿಂಗ್ ಗಮ್ಮಿನ ಹಾಗೆ ಅಂಟಿಕೊಂಡಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ನಿವೃತ್ತಿಯಾದ ಮೇಲೂ ಅಕ್ಕಪಕ್ಕದವರು ಅವರಿಗೆ ಕೊಡುತ್ತಿದ್ದ ಕೆಲಸಗಳೆಲ್ಲ ಸಹಾಯಕನ ಕೆಲಸಗಳೇ. ಏಣಿ ಹಿಡಿದುಕೊಳ್ಳುವುದು, ಹಗ್ಗದ ಇನ್ನೊಂದು ತುದಿ ಹಿಡಿದುಕೊಳ್ಳುವುದು, ಸಭೆಯಲ್ಲಿ ಬಾಗಿಲ ಬಳಿ ನಿಂತು ಚಪ್ಪಲಿಗಳನ್ನು ನೆಟ್ಟಗೆ ಜೋಡಿಸುವುದು.

ಹೀಗಿರುವಾಗ ಸಂಸ್ಕೃತಿ ಭವನದಲ್ಲಿ 'ಅರವತ್ತು ದಾಟಿದವರಿಗೆ ಕಪ್ಪು ತೆರೆಯ ಕಂಪ್ಯೂಟರ್' ಎಂಬ ಮೂರು ಶನಿವಾರಗಳ ತರಗತಿ ನಡೆಯಿತು. ಮೌಸು ಹಿಡಿದು ಚಿತ್ರಗಳನ್ನು ಒತ್ತುವುದಲ್ಲ, ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರದಲ್ಲಿ ಕಮ್ಯಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವುದು. ನೆಗಿಶಿಯವರು ಅಲ್ಲಿ ಮೂರು ಸಂಗತಿ ಕಲಿತರು. ಒಂದು, ಎಲ್ಲೋ ದೂರದಲ್ಲಿರುವ ಕ್ಲೌಡ್ ಡಿಸ್ಕನ್ನು ಒಂದೇ ಸಾಲಿನ ಕಮ್ಯಾಂಡಿನಿಂದ ನಮ್ಮ ಕಂಪ್ಯೂಟರಿನ ಯಾವುದಾದರೊಂದು ಫೋಲ್ಡರಿಗೆ ಜೋಡಿಸಬಹುದು. ಅದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಎರಡು, ಕಪ್ಪು ತೆರೆ ಏನೂ ಮಾತಾಡದಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ಮನೆಯಲ್ಲಿ ಹೆಂಡತಿ ಫುಸಾಯೆಯ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದ ನಿಯಮ ಜಾರಿಯಲ್ಲಿದ್ದುದರಿಂದ ಇದನ್ನು ಅವರು ನೋಟ್‌ಬುಕ್ಕಿನಲ್ಲಿ ಎರಡು ಸಲ ಬರೆದುಕೊಂಡರು. ಮೂರನೆಯದು ಸುಡೋ. ಈ ಮಾತನ್ನು ಕಮ್ಯಾಂಡಿನ ಮುಂದೆ ಸೇರಿಸಿದರೆ ಸಾಕು, ಕಂಪ್ಯೂಟರು ನಿಮ್ಮನ್ನು ತನ್ನ ಪರಮಾಧಿಕಾರಿ ಎಂದು ಒಪ್ಪಿಕೊಂಡು ಹೇಳಿದ್ದನ್ನೆಲ್ಲ ಮಾಡುತ್ತದೆ.

ಪರಮಾಧಿಕಾರಿ. ಸಹಾಯಕ ಪರಮಾಧಿಕಾರಿಯಲ್ಲ. ಅಂದು ಸಂಜೆ ನೆಗಿಶಿಯವರು ನಡೆದು ಮನೆಗೆ ಬಂದ ರೀತಿಯೇ ಬೇರೆಯಿತ್ತು. ಊಟಕ್ಕೆ ಕೂತವರು ಬೆನ್ನು ನೆಟ್ಟಗೆ ಮಾಡಿ, ಸುಡೋ ಉಪ್ಪಿನಕಾಯಿ, ಎಂದರು.

"ಫ್ರಿಜ್ಜು ಅಲ್ಲೇ ಇದೆಯಲ್ಲ, ಎದ್ದು ತಗೊಳ್ಳಿ" ಎಂದಳು ಫುಸಾಯೆ. "ಹಂಗೇ ನಂಗೂ ಎರಡು ಚೂರು ಹಾಕಿ."

ಆ ವರ್ಷ ಮೂರನೇ ಕಟ್ಟಡಕ್ಕೆ ಐವತ್ತು ತುಂಬುತ್ತಿತ್ತು. ನಿವಾಸಿಗಳ ಸಂಘದ ಅಧ್ಯಕ್ಷೆ ಹಿರುಮ ಸಾನ್ ಒಂದು ನೆನಪಿನ ಆಲ್ಬಮ್ ಅಚ್ಚು ಹಾಕಿಸಬೇಕೆಂದು ತೀರ್ಮಾನಿಸಿದ್ದರು. ಸಾನ್ ಎಂದರೆ ಅಲ್ಲಿ ಹೆಸರಿಗೆ ಸೇರಿಸುವ ಗೌರವದ ಮಾತು. ಹಿರುಮ ಸಾನ್ ಅವರಿಗೆ ಎಪ್ಪತ್ತೇಳು ವಯಸ್ಸು, ಒಂದು ಕಾಲದ ವ್ಯಾಯಾಮದ ಟೀಚರು. ಅವರ ಕೊರಳಲ್ಲಿ ಈಗಲೂ ಸೀಟಿ ನೇತಾಡುತ್ತದೆ. ಅವರು ತೀರ್ಮಾನಿಸಿದರು ಎಂದರೆ ಎಲ್ಲರೂ ತೀರ್ಮಾನಿಸಿದ ಹಾಗೆ. ಇಪ್ಪತ್ನಾಲ್ಕು ಮನೆಗಳಿಂದ ಹಳೆಯ ಫೋಟೋಗಳು ಬಂದವು. ಅವನ್ನೆಲ್ಲ ಒಂದೊಂದಾಗಿ ಸ್ಕ್ಯಾನ್ ಮಾಡಿ ಸಭಾಮಂದಿರದ ಲ್ಯಾಪ್‌ಟಾಪಿನಲ್ಲಿ 'ನೆನಪು' ಎಂಬ ಫೋಲ್ಡರಿಗೆ ಹಾಕುವ ಕೆಲಸ ಸಹಜವಾಗಿಯೇ ನೆಗಿಶಿಯವರ ಪಾಲಿಗೆ ಬಂತು. ಒಟ್ಟು ನಾನೂರ ಹನ್ನೆರಡು ಫೋಟೋ. ಪ್ರತಿಯೊಂದಕ್ಕೂ ನಂಬರು ಹಾಕಿ ನೋಟ್‌ಬುಕ್ಕಿನಲ್ಲಿ ವಿವರ ಬರೆದರು. ನೂರ ಹದಿನೆಂಟು, ಎಪ್ಪತ್ತೆಂಟನೇ ಇಸವಿಯ ಕ್ರೀಡಾಕೂಟ, ಚಮಚದ ಮೇಲೆ ಮೊಟ್ಟೆಯಿಟ್ಟುಕೊಂಡು ಓಡುವ ಪಂದ್ಯ, ಕುಬೊಕಿ ಸಾನ್ ಬೀಳುತ್ತಿರುವುದು. ಈ ಥರ.

ಸ್ಕ್ಯಾನ್ ಮುಗಿದ ಮೇಲೆ ಹಿರುಮ ಸಾನ್ ಇನ್ನೊಂದು ತೀರ್ಮಾನ ಮಾಡಿದರು. ಕಟ್ಟಡದಲ್ಲಿ ಇರುವವರೆಲ್ಲ ಮನೆಯ ಸಾಮಾನು ಕಡಿಮೆ ಮಾಡಿಕೊಳ್ಳಬೇಕಾದ ವಯಸ್ಸಿನವರು. ಫೋಟೋಗಳು ಕಂಪ್ಯೂಟರಿನಲ್ಲಿ ಭದ್ರವಾಗಿ ಇರುವುದರಿಂದ ಮೂಲ ಪ್ರತಿಗಳನ್ನು ಗುಡ್ಡದ ಕೆಳಗಿನ ದೇವಾಲಯಕ್ಕೆ ಕೊಂಡೊಯ್ದು, ಮಂತ್ರ ಹೇಳಿಸಿ, ಶಾಸ್ತ್ರೋಕ್ತವಾಗಿ ಸುಟ್ಟು ಬೀಳ್ಕೊಡುವುದು. ಎಲ್ಲರೂ ಒಳ್ಳೆಯದು ಎಂದರು. ಎಂಬತ್ತೆಂಟು ವಯಸ್ಸಿನ ಸವಾಬೆ ಅಜ್ಜಿ ಮಾತ್ರ ಒಂದು ಫೋಟೋವನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ಕೂತಿದ್ದರು. ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಅವರ ಯಜಮಾನರು ಮೆಟ್ಟಿಲ ಮೇಲೆ ಕೂತು ಕಲ್ಲಂಗಡಿ ಹಿಡಿದು ನಗುತ್ತಿರುವ ಫೋಟೋ ಅದು. ಆ ಮನುಷ್ಯ ಬದುಕಿನಲ್ಲಿ ನಕ್ಕಿದ್ದಕ್ಕೆ ಇದ್ದ ಒಂದೇ ದಾಖಲೆ.

ನೆಗಿಶಿಯವರು ಅಜ್ಜಿಯ ಮುಂದೆ ಮಂಡಿಯೂರಿದರು. "ಸವಾಬೆ ಸಾನ್, ನಿಮ್ಮ ಯಜಮಾನ್ರು ಇನ್ಮೇಲೆ ಕಂಪ್ಯೂಟರಲ್ಲಿ ಇರ್ತಾರೆ. ಅಲ್ಲಿ ಬೂಷ್ಟು ಹಿಡಿಯಲ್ಲ, ಹುಳ ತಿನ್ನಲ್ಲ. ನನ್ನ ಜವಾಬ್ದಾರಿ."

ಈ ಮಾತು ಜ್ಞಾಪಕವಿಟ್ಟುಕೊಳ್ಳಿ. ನೆಗಿಶಿಯವರಂತೂ ಮರೆಯಲಿಲ್ಲ.

ಒಂದು ಭಾನುವಾರ ಇಪ್ಪತ್ನಾಲ್ಕು ಮನೆಯವರೂ ಬಟ್ಟೆಯಲ್ಲಿ ಸುತ್ತಿದ ಗಂಟುಗಳನ್ನು ತಂದು ದೇವಾಲಯದ ಬೆಂಕಿಗೆ ಹಾಕಿ ಕೈಮುಗಿದರು. ಹಲವರು ಕಣ್ಣೊರೆಸಿಕೊಂಡರು. ಫೋಟೋ ಅಂದ್ರೆ ಸುರುಳಿ ಸುತ್ತಿಕೊಂಡು ಉರಿಯತ್ತೆ, ಇವು ಯಾಕೋ ಟೆಲಿಫೋನ್ ಡೈರೆಕ್ಟರಿ ಥರ ಉರೀತಿದಾವಲ್ಲ, ಎಂದು ಅರ್ಚಕರು ಒಂದು ಮಾತು ಅಂದರು. ಹೊಗೆಯಲ್ಲಿ ಅದು ಯಾರ ಕಿವಿಗೂ ಬಿದ್ದ ಹಾಗೆ ಕಾಣಲಿಲ್ಲ.

ಅಕ್ಟೋಬರಿಗೆ ಮುದ್ರಣಾಲಯದವರು ಒಂದು ಷರತ್ತು ಹಾಕಿದರು. ಫೋಟೋಗಳನ್ನೆಲ್ಲ ಒಂದು ಹಂಚಿಕೆಯ ಕ್ಲೌಡ್ ಡಿಸ್ಕಿನಲ್ಲಿ ಇಡಿ, ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಅದರಲ್ಲಿ ಏನಿರುತ್ತದೋ ಅದನ್ನು ತೆಗೆದುಕೊಂಡು ಅಚ್ಚು ಹಾಕುತ್ತೇವೆ, ತಪ್ಪಿದರೆ ಸಮಾರಂಭಕ್ಕೆ ಪುಸ್ತಕ ಸಿಗುವುದಿಲ್ಲ, ಎಂದರು. ಸಂಘದವರು ಡಿಸ್ಕು ಬಾಡಿಗೆಗೆ ಹಿಡಿದರು. ಇದನ್ನು ಜೋಡಿಸುವವರು ಯಾರು ಎಂದು ಹಿರುಮ ಸಾನ್ ಕೇಳಿದಾಗ ಸಭೆಯಲ್ಲಿದ್ದವರೆಲ್ಲ ತಂತಮ್ಮ ಕಾಲುಚೀಲಗಳನ್ನು ಪರಿಶೀಲಿಸತೊಡಗಿದರು. ಬಾಗಿಲ ಬಳಿ ಚಪ್ಪಲಿ ಜೋಡಿಸುತ್ತಿದ್ದ ನೆಗಿಶಿಯವರ ಕೈ ಮೇಲೆ ಹೋಯಿತು. ನನಗೆ ಪರಮಾಧಿಕಾರ ಇದೆ, ಎಂದರು.

ಕೆಲಸ ಒಪ್ಪಿಕೊಂಡ ಮೇಲೆ ಕ್ರಮವಾಗಿ ಮಾಡಬೇಕಲ್ಲ. ಮನೆಯಲ್ಲಿ ಒಂದು ಮೊಳೆ ಹೊಡೆಯುವುದಿದ್ದರೂ ಮೊದಲೇ ನೆರೆಹೊರೆಯವರಿಗೆ ಟವೆಲು ಕೊಟ್ಟು, ತೊಂದರೆಯಾಗುತ್ತದೆ ಕ್ಷಮಿಸಿ, ಎಂದು ಬಗ್ಗಿ ಬರುವುದು ಕಟ್ಟಡದ ಪದ್ಧತಿ. ನೆಗಿಶಿಯವರು ಮೂವತ್ತು ಟವೆಲು ಕೊಂಡು, ಕಾಗದ ಸುತ್ತಿ, ಇಪ್ಪತ್ನಾಲ್ಕು ಮನೆಗೆ ಹಂಚಿದರು. ಕೆಳಗಿನ ಬಾಗಿಲಲ್ಲಿ ಸೂಚನೆ ಅಂಟಿಸಿದರು. ಕಾಮಗಾರಿ: ಹಂಚಿಕೆಯ ಡಿಸ್ಕ್ ಜೋಡಣೆ. ಸಮಯ: ಶನಿವಾರ ಬೆಳಗ್ಗೆ ಹತ್ತರಿಂದ ಹತ್ತೂ ಹತ್ತು. ಶಬ್ದ ಇಲ್ಲ. ಧೂಳು ಇಲ್ಲ. ಅದುರುವಿಕೆ ಇಲ್ಲ.

ಕಂಪ್ಯೂಟರಿನ ಒಳಗಿನ ಕೆಲಸ, ಹೊರಗೆ ಏನೂ ಗೊತ್ತಾಗುವುದಿಲ್ಲ ಎಂದು ಅವರು ಪ್ರತಿ ಬಾಗಿಲಲ್ಲೂ ಹೇಳಿದರು. ಆದರೆ ಟವೆಲು ಕೈಗೆ ಬಂದ ಮೇಲೆ ತೊಂದರೆ ಬರಲೇಬೇಕು. ತೊಂದರೆಯಿಲ್ಲದೆ ಟವೆಲು ಇಟ್ಟುಕೊಂಡರೆ ಮನಸ್ಸಿಗೆ ಸಮಾಧಾನವಿರುತ್ತದೆಯೇ? ಶನಿವಾರ ಬೆಳಗ್ಗೆ ಯಾರೂ ಬಟ್ಟೆ ಒಣಹಾಕಲಿಲ್ಲ. ಎರಡನೇ ಮಹಡಿಯವರು ಮೀನಿನ ತೊಟ್ಟಿಯನ್ನು ಸ್ನಾನದ ಮನೆಗೆ ಸಾಗಿಸಿದರು. ಆ ಮೊಟ್ಟೆ ಪಂದ್ಯದ ಕುಬೊಕಿ ಸಾನ್, ಈಗ ಎಂಬತ್ನಾಲ್ಕು ವಯಸ್ಸಿನವರು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಅಂಗಳದ ನಡುವೆ ಮಡಚುವ ಕುರ್ಚಿ ಹಾಕಿ ಕೂತರು. ಏನು ಬೀಳುತ್ತದೆ ಎಂದು ಕೇಳಿದ್ದಕ್ಕೆ, ಬೀಳಲ್ಲ ಅಂತ ಬರೆದಿದಾರೆ, ಅದಕ್ಕೇ ಹೆದರಿಕೆ, ಎಂದರಂತೆ.

ಹತ್ತಕ್ಕೆ ಸರಿಯಾಗಿ ನೆಗಿಶಿಯವರು ಲ್ಯಾಪ್‌ಟಾಪಿಗೆ ಬಗ್ಗಿ ನಮಸ್ಕರಿಸಿ ಟೈಪ್ ಮಾಡಲು ಶುರು ಮಾಡಿದರು. ಸುಡೋ. ಆಮೇಲೆ ಮೌಂಟ್. ಆಮೇಲೆ ಡಿಸ್ಕಿನ ಮಾರುದ್ದದ ವಿಳಾಸ. ಕೊನೆಯಲ್ಲಿ, ಅದನ್ನು ಯಾವ ಫೋಲ್ಡರಿಗೆ ಜೋಡಿಸಬೇಕೋ ಆ ಫೋಲ್ಡರಿನ ಹೆಸರು. ಹೊಸದೊಂದು ಖಾಲಿ ಫೋಲ್ಡರ್ ಮಾಡಿ ಅದಕ್ಕೆ ಜೋಡಿಸಿ ಎಂದು ತರಗತಿಯಲ್ಲಿ ಹೇಳಿದ್ದರು. ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದೂ ಇತ್ತು. ಆದರೆ ಅಲ್ಲಿಗೆ ಬಂದಾಗ ನೆಗಿಶಿಯವರ ಬೆರಳು ತಡೆಯಿತು. ಡಿಸ್ಕು ದೇಶದ ಉತ್ತರದ ತುದಿಯ ಹೊಕ್ಕೈದೋದಿಂದ ಬರುತ್ತಿದೆ. ಅಷ್ಟು ದೂರದಿಂದ ಬರುವ ಅತಿಥಿಯನ್ನು ಖಾಲಿ ಕೋಣೆಗೆ ಕರೆದು ಕೂರಿಸುವುದೇ? ಒಂದು ದಿಂಬಿಲ್ಲ, ಗೋಡೆಗೊಂದು ಚಿತ್ರವಿಲ್ಲ. ಮನೆಗೆ ಯಾರಾದರೂ ಬಂದರೆ ಇರುವುದರಲ್ಲಿ ಒಳ್ಳೆಯ ಕೋಣೆಯನ್ನೇ ಬಿಟ್ಟುಕೊಡುತ್ತೇವೆ. ಲ್ಯಾಪ್‌ಟಾಪಿನಲ್ಲಿ ಇದ್ದುದರಲ್ಲಿ ಒಳ್ಳೆಯ ಕೋಣೆ ಯಾವುದು? ನೆಗಿಶಿಯವರು ಖಾಲಿ ಫೋಲ್ಡರಿನ ಯೋಚನೆ ಬಿಟ್ಟು 'ನೆನಪು' ಎಂದು ಟೈಪ್ ಮಾಡಿ, ಎಂಟರ್ ಒತ್ತಿದರು.

ಕಪ್ಪು ತೆರೆ ಏನೂ ಮಾತಾಡಲಿಲ್ಲ. ಎಲ್ಲ ಸರಿಯಾಗಿದೆ. ನೆಗಿಶಿಯವರು ಅಂಗಳಕ್ಕೆ ಬಂದು, ಕಾಮಗಾರಿ ಮುಗಿಯಿತು, ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಕುಬೊಕಿ ಸಾನ್ ಹೆಲ್ಮೆಟ್ಟು ತೆಗೆದರು.

ವಾಪಸು ಹೋಗಿ ಫೋಟೋಗಳನ್ನು ಡಿಸ್ಕಿಗೆ ಹಾಕೋಣವೆಂದು 'ನೆನಪು' ತೆರೆದರು. ನಾನೂರ ಹನ್ನೆರಡು ಫೋಟೋ ಇರಬೇಕಾದಲ್ಲಿ ಒಂದೂ ಇರಲಿಲ್ಲ. ಒಂದು ಪುಟ್ಟ ಫೋಲ್ಡರ್ ಮಾತ್ರ ಇತ್ತು. ಅದರ ಇಂಗ್ಲಿಷ್ ಹೆಸರನ್ನು ನಿಘಂಟಿನಲ್ಲಿ ಹುಡುಕಿದರೆ 'ಕಳೆದದ್ದು ಮತ್ತು ಸಿಕ್ಕಿದ್ದು' ಎಂದಾಯಿತು. ಅದಕ್ಕೆ ಬೀಗ ಬೇರೆ.

ನೆಗಿಶಿಯವರ ಕಿವಿಯಲ್ಲಿ ಅವರದೇ ಧ್ವನಿ ಕೇಳಿಸಿತು. ಬೂಷ್ಟು ಹಿಡಿಯಲ್ಲ, ಹುಳ ತಿನ್ನಲ್ಲ.

ಮೊದಲು ಡಿಸ್ಕಿನ ಕಂಪನಿಗೆ ಫೋನ್ ಮಾಡಿದರು. ಆ ಕಡೆಯ ಹೆಣ್ಣುಮಗಳು ಬಹಳ ವಿನಯದಿಂದ, ತಮ್ಮ ಡಿಸ್ಕು ಆರೋಗ್ಯವಾಗಿದೆ, ಜೋಡಣೆ ಯಶಸ್ವಿಯಾಗಿದೆ, ಅಭಿನಂದನೆಗಳು ಎಂದಳು. ಫೋಟೋಗಳೆಲ್ಲಿ ಎಂದರೆ, ತಾವು ನಮ್ಮ ಡಿಸ್ಕಿನಲ್ಲಿ ಇನ್ನೂ ಏನನ್ನೂ ಇಟ್ಟೇ ಇಲ್ಲ, ಇಡದೆ ಹೋದದ್ದಕ್ಕೆ ಕ್ಷಮೆ ಕೋರುತ್ತೇವೆ ಎಂದಳು. ನೆಗಿಶಿಯವರೂ ಕ್ಷಮೆ ಕೋರಿದರು. ಆಕೆ ಮತ್ತೆ ಕೋರಿದಳು. ಹೀಗೆ ಏಳೆಂಟು ಸುತ್ತು ಆದ ಮೇಲೆ ಇಬ್ಬರೂ ಫೋನಿಟ್ಟರು.

ಕಳೆದದ್ದು, ಸಿಕ್ಕಿದ್ದು ಎಂದ ಮೇಲೆ ಹೋಗಬೇಕಾದ್ದು ಪೊಲೀಸ್ ಚೌಕಿಗೇ. ನೆಗಿಶಿಯವರು ಹೋದರು. ಚೌಕಿಯ ಪೇದೆ ಕಳೆದ ವಸ್ತುವಿನ ನಮೂನೆ ತೆಗೆದು ಪೆನ್ನು ಬಿಚ್ಚಿದ. ಎಷ್ಟು? ನಾನೂರ ಹನ್ನೆರಡು. ಬಣ್ಣ? ಅರ್ಧ ಕಪ್ಪು ಬಿಳುಪು. ತೂಕ? ನೆಗಿಶಿಯವರು ಪ್ರಾಮಾಣಿಕವಾಗಿ, ಇಲ್ಲ, ಎಂದರು. ಪೇದೆ 'ಇಲ್ಲ' ಎಂದು ಬರೆದುಕೊಂಡ. ಕಳೆದ ಜಾಗ ಎನ್ನುವ ಕಲಮಿನಲ್ಲಿ ಗಾಡಿ ನಿಂತಿತು.

"ಡಿಸ್ಕು ಎಲ್ಲಿದೆ ಅಂದ್ರಿ?"

"ಹೊಕ್ಕೈದೋ."

"ಹಾಗಾದ್ರೆ ನಮ್ಮ ವ್ಯಾಪ್ತಿಗೆ ಬರಲ್ಲ." ಪೆನ್ನು ಮುಚ್ಚಿದ ಪೇದೆ ಏನೋ ಹೊಳೆದು ಮತ್ತೆ ಬಿಚ್ಚಿದ. "ಕಳೆಯೋ ಹೊತ್ತಲ್ಲಿ ನಿಮ್ಮ ಬೆರಳು ಎಲ್ಲಿತ್ತು?"

"ಸಭಾಮಂದಿರದಲ್ಲಿ."

"ಹಂಗಾದ್ರೆ ನಮ್ದೇ. ನಡೀರಿ."

ಪೇದೆ ಸೈಕಲ್ಲಿನಲ್ಲಿ ಬಂದು, ಬೂಟು ಬಿಚ್ಚಿಟ್ಟು, ಲ್ಯಾಪ್‌ಟಾಪಿನ ಅಡಿ, ಮೇಜಿನ ಅಡಿ, ಪರದೆಯ ಹಿಂದೆ ಎಲ್ಲ ನೋಡಿದ. ಬೀಗ ಹಾಕಿದ ಫೋಲ್ಡರನ್ನು ತೆರೆಯಬೇಕು, ಯಾರ ಅಪ್ಪಣೆ ಬೇಕು ಎಂದು ಕೇಳಿದ. ನೆಗಿಶಿಯವರು, ನನ್ನದೇ, ಎಂದು ಸುಡೋ ಹಾಕಿ ತೆರೆದರು. ಒಳಗೆ ಬಟಾಬಯಲು. ಕಳೆದದ್ದೂ ಇಲ್ಲ, ಸಿಕ್ಕಿದ್ದೂ ಇಲ್ಲ ಎಂದು ಪೇದೆ ಷರಾ ಬರೆದು ಮೊಹರು ಒತ್ತಿ ಹೋದ. ಅಷ್ಟು ಹೊತ್ತಿಗೆ ಪೊಲೀಸ್ ಸೈಕಲ್ಲು ನೋಡಿದ ಕಟ್ಟಡದವರಿಗೆ ಟವೆಲಿನ ಅರ್ಥ ತಿಳಿದಿತ್ತು. ಒಬ್ಬರಿಗೆ ಸ್ನಾನದ ನೀರು ಕಾಯುತ್ತಿಲ್ಲ, ಇನ್ನೊಬ್ಬರ ರೇಡಿಯೋ ಗುಂಯ್ ಎನ್ನುತ್ತಿದೆ, ಮತ್ತೊಬ್ಬರ ಪರ್ಸಿಮನ್ ಹಣ್ಣುಗಳು ಹೊತ್ತಿಗೆ ಮುಂಚೆ ಉದುರುತ್ತಿವೆ. ಎಲ್ಲವೂ ಹತ್ತೂ ಹತ್ತರ ನಂತರ.

ನೆಗಿಶಿಯವರು ಕಪ್ಪು ಕೋಟು ಹಾಕಿಕೊಂಡು, ಒಂದು ಡಬ್ಬಿ ಸಿಹಿ ಹಿಡಿದು, ಹಿರುಮ ಸಾನ್ ಅವರ ಬಾಗಿಲಲ್ಲಿ ಹಣೆ ನೆಲಕ್ಕೆ ತಾಗುವಂತೆ ಬಗ್ಗಿದರು. ಐವತ್ತು ವರ್ಷ ನನ್ನ ಕೈಯಿಂದ ಹೋಯಿತು, ಎಂದರು. ಹಿರುಮ ಸಾನ್ ಏನೋ ಹೇಳಲು ಬಾಯಿ ತೆರೆದರು, ನೆಗಿಶಿಯವರು ಅಳುತ್ತಿರುವುದನ್ನು ನೋಡಿದರು, ಮುಚ್ಚಿದರು. ಎರಡು ಸಲ ಹೀಗಾಯಿತು. ಕೊನೆಗೆ ಕೇಳಿದರು, ವಿವರ ಬರೆದ ನೋಟ್‌ಬುಕ್ಕು ಇದೆಯಲ್ಲ?

ಇತ್ತು.

"ಹಾಗಾದ್ರೆ ಐವತ್ತು ವರ್ಷ ಇನ್ನೊಂದ್ಸಲ ಮಾಡೋಣ. ಹತ್ತು ದಿನ ಇದೆ" ಎಂದು ಹಿರುಮ ಸಾನ್ ಸೀಟಿ ಊದಿದರು.

ಮುಂದಿನ ಹತ್ತು ದಿನ ಮೂರನೇ ಕಟ್ಟಡದಲ್ಲಿ ನಡೆದದ್ದನ್ನು ನಾಲ್ಕನೇ ಕಟ್ಟಡದವರು ಇವತ್ತಿಗೂ ಪಿಸುದನಿಯಲ್ಲೇ ಹೇಳುತ್ತಾರೆ. ಲ್ಯಾಪ್‌ಟಾಪಿಗೆ, ಮುಟ್ಟಬೇಡಿ, ಆರಿಸಬೇಡಿ, ಉಸಿರು ಬಿಡಬೇಡಿ, ಎಂದು ಚೀಟಿ ಅಂಟಿಸಲಾಯಿತು. ಹೊಸದಾಗಿ ತೆಗೆದ ಫೋಟೋಗಳು ಒಂದೊಂದಾಗಿ ಅದೇ 'ನೆನಪು' ಎಂಬಲ್ಲಿಗೆ ಹೋಗಿ ಸೇರತೊಡಗಿದವು. ಎಂಬತ್ನಾಲ್ಕನೇ ಇಸವಿಯ ಭಾರೀ ಹಿಮಕ್ಕೆ ಹನ್ನೊಂದು ಹಾಸಿಗೆಗಳ ಹತ್ತಿ ಬಿಚ್ಚಿ ಅಂಗಳದಲ್ಲಿ ಹರಡಿದರು. ಶಿಶುವಿಹಾರದ ಮೊದಲ ದಿನದ ಫೋಟೋಕ್ಕೆ ಎಪ್ಪತ್ತು ದಾಟಿದ ಆರು ಮಂದಿ ಹಳದಿ ಟೋಪಿ ಹಾಕಿ ಕೈಕೈ ಹಿಡಿದು ನಿಂತರು, ಅದರಲ್ಲಿ ಒಬ್ಬರು ನಿಜವಾಗಿ ಅತ್ತರು. ತೀರಿಕೊಂಡವರ ಪಾತ್ರವನ್ನು ಎತ್ತರ, ದಪ್ಪ ನೋಡಿ ಬದುಕಿದ್ದವರಿಗೆ ಹಂಚಲಾಯಿತು. ಕುಬೊಕಿ ಸಾನ್ ಮೊಟ್ಟೆ ಹಿಡಿದು ಹನ್ನೊಂದು ಸಲ ಬಿದ್ದರು. ಕೆಳಗೆ ಹಾಸಿಗೆ ಹಾಕಿದ್ದರೂ ಹತ್ತಿ ಹಿಮಕ್ಕೆ ಹೋಗಿದ್ದರಿಂದ ಅದು ಬರೀ ಹೊದಿಕೆಯಾಗಿತ್ತು. ಹನ್ನೊಂದನೆಯ ಸಲ ಸೊಂಟ ಹಿಡಿದುಕೊಂಡು, ಎಪ್ಪತ್ತೆಂಟಕ್ಕಿಂತ ಇದೇ ಚೆನ್ನಾಗಿ ಬಂತು, ಎಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಿನೊಕಿದೈ ಹಿರಿಯರ ಜ್ಞಾಪಕಶಕ್ತಿಯನ್ನು ಯಾವುದಾದರೂ ವಿಶ್ವವಿದ್ಯಾಲಯ ಪರೀಕ್ಷಿಸಬೇಕಿತ್ತು. ಏನಾದರೂ ಅನುಮಾನ ಬಂದರೆ ಅವರು, ಸ್ವಲ್ಪ ನೆನಪು ಮಾಡ್ಕೊಂಡು ಬರ್ತೀನಿ, ಎಂದು ಮನೆಗೆ ಹೋಗುತ್ತಿದ್ದರು. ಐದು ನಿಮಿಷಕ್ಕೆ ವಾಪಸು ಬಂದು, ಚಮಚ ಬಲಗೈಲಿತ್ತು, ಹಿಂದೆ ಒಂದು ನಾಯಿ ಇತ್ತು, ನಾಯಿಯ ಬಾಲ ಎಡಕ್ಕೆ, ಎನ್ನುತ್ತಿದ್ದರು. ನೆಗಿಶಿಯವರಿಗೆ ಇದನ್ನು ಕಂಡು ಕಣ್ಣು ತುಂಬುತ್ತಿತ್ತು. ಇಂಥ ನೆನಪುಗಳನ್ನು ತಾನು ಒಂದು ಎಂಟರ್ ಕೀಲಿಗೆ ಬಲಿ ಕೊಟ್ಟೆನಲ್ಲ ಎಂದು.

ಸವಾಬೆ ಅಜ್ಜಿಯ ಯಜಮಾನರ ಪಾತ್ರ ನೆಗಿಶಿಯವರಿಗೇ ಬಂತು. ಬೇರೆ ಯಾರಿಗೆ ಕೊಟ್ಟರೂ ಅವರು ಒಪ್ಪುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಕಲ್ಲಂಗಡಿ ಸಿಗದೆ ಒಂದು ಕುಂಬಳಕಾಯಿಗೆ ಹಸಿರು ಬಳಿದು ಕಪ್ಪು ಪಟ್ಟೆ ಎಳೆದರು. ನೆಗಿಶಿಯವರು ಮೆಟ್ಟಿಲ ಮೇಲೆ ಕೂತು, ಕುಂಬಳಕಾಯಿ ತಬ್ಬಿ, ನಕ್ಕರು.

"ಹಂಗಲ್ಲ" ಎಂದರು ಅಜ್ಜಿ. "ಅವ್ರು ನಗ್ತಿರ್ಲಿಲ್ಲ. ಸೀನು ಬರೋ ಹಾಗಿತ್ತು, ಬರ್ಲಿಲ್ಲ. ಆ ಮುಖ ಬೇಕು."

ಫುಸಾಯೆ ಒಳಗಿನಿಂದ ಮೆಣಸಿನ ಪುಡಿ ತಂದಳು. ಸೀನು ಪ್ರತಿ ಸಲವೂ ಬಂದುಬಿಡುತ್ತಿತ್ತು. ಅಜ್ಜಿ ನಾಲ್ಕು ಸಲ ನೆನಪು ಮಾಡಿಕೊಂಡು ಬರಲು ಮನೆಗೆ ಹೋದರು. ಬಂದವರು, ಎಡ ಮೊಣಕೈ ಇನ್ನೂ ಕೆಳಗೆ, ಅಂಗಿಯ ಎರಡನೇ ಗುಂಡಿ ಹಾಕಿರಲಿಲ್ಲ, ಎಂದರು. ನಲವತ್ತನೆಯ ಸಲ ಅಜ್ಜಿಗೆ ಕಾಲು ನೋವು ಬಂದು, ಸ್ವಲ್ಪ ಜರುಗಿ, ಎಂದು ನೆಗಿಶಿಯವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಗ ಸೀನು ಬಂದ ಹಾಗಾಗಿ ಬರಲಿಲ್ಲ. ಕ್ಯಾಮೆರಾ ಕ್ಲಿಕ್ ಎಂದಿತು.

ತಿಂಗಳ ಕೊನೆಯ ದಿನ ಮಧ್ಯಾಹ್ನ ನಾನೂರ ಹನ್ನೆರಡೂ ಮುಗಿದವು. ನೆಗಿಶಿಯವರು ಒಬ್ಬರೇ ಲ್ಯಾಪ್‌ಟಾಪಿನ ಮುಂದೆ ಕೂತರು. ಫೋಟೋಗಳು ಡಿಸ್ಕಿನಲ್ಲಿವೆ, ಸಂಜೆ ಐದಕ್ಕೆ ಮುದ್ರಣಾಲಯದವರು ತೆಗೆದುಕೊಳ್ಳುತ್ತಾರೆ, ಇನ್ನು ಅತಿಥಿಗೆ ಮರ್ಯಾದೆಯಾಗಿ ಬೀಳ್ಕೊಡುಗೆ. ಜೋಡಣೆ ಬಿಚ್ಚುವ ಕಮ್ಯಾಂಡ್ ಟೈಪ್ ಮಾಡಿ ಎಂಟರ್ ಒತ್ತಿದರು. ತೆರೆ ಮಾತಾಡಲಿಲ್ಲ. ಸುಮ್ಮನೆ ಒಮ್ಮೆ 'ನೆನಪು' ತೆರೆದು ನೋಡಿದರು.

ಕುಬೊಕಿ ಸಾನ್ ಬೀಳುತ್ತಿದ್ದರು. ಮೂವತ್ತೆಂಟರ ಕುಬೊಕಿ ಸಾನ್, ತಲೆತುಂಬ ಕೂದಲು.

ಹಳೆಯ ನಾನೂರ ಹನ್ನೆರಡೂ ಅಲ್ಲೇ ಇದ್ದವು. ಹಿಮ, ಹಳದಿ ಟೋಪಿ, ಕಲ್ಲಂಗಡಿ, ನಾಯಿಯ ಬಾಲ ಎಡಕ್ಕೆ. ಆಗಿದ್ದು ಇಷ್ಟೇ. ಸಾಮಾನು ತುಂಬಿದ ಮೇಜಿನ ಮೇಲೆ ಇನ್ನೊಂದು ಮೇಜನ್ನು ತಂದಿಟ್ಟ ಹಾಗೆ, ಡಿಸ್ಕು ಬಂದು ಫೋಲ್ಡರಿನ ಮೇಲೆ ಕೂತಿತ್ತು. ಅಡಿಯಲ್ಲಿದ್ದದ್ದು ಕಾಣಿಸದೆ ಅಡಿಯಲ್ಲೇ ಇತ್ತು. ಹೊಸದೆಲ್ಲ ಹೋಗಿ ಮೇಲಿನ ಮೇಜಿನ ಮೇಲೆ ಕೂತಿತ್ತು. ಆ ಬೀಗದ ಫೋಲ್ಡರೋ, ಹೊಸ ಡಿಸ್ಕಿನ ಜೊತೆಗೇ ಬರುವ ಖಾಲಿ ಡಬ್ಬಿ. ಖಾಲಿ ಕೋಣೆಯನ್ನು ಕೊಟ್ಟಿದ್ದರೆ ಇದೇನೂ ಆಗುತ್ತಿರಲಿಲ್ಲ. ನೆಗಿಶಿಯವರು ಮತ್ತೆ ಜೋಡಿಸಿದರು, ಎಂಬತ್ನಾಲ್ಕರ ಕುಬೊಕಿ ಸಾನ್ ಬಿದ್ದರು. ಬಿಚ್ಚಿದರು, ಮೂವತ್ತೆಂಟರವರು ಬಿದ್ದರು. ಅರ್ಧ ಗಂಟೆ ಆ ಬಡಪಾಯಿಯನ್ನು ಬೀಳಿಸುತ್ತಲೇ ಇದ್ದರು. ಕೊನೆಗೆ ಡಿಸ್ಕನ್ನು ಹಾಗೇ ಬಿಟ್ಟು ಎದ್ದರು.

ನಿಜ ಹೇಳಿಬಿಡಬೇಕು. ಮನೆ ಮನೆಗೆ ಹೋಗಿ, ಹಳೆಯವು ಸಿಕ್ಕಿದವು, ಅವನ್ನೇ ಅಚ್ಚಿಗೆ ಹಾಕೋಣ, ಎನ್ನಬೇಕು. ಬರಿಗೈಯಲ್ಲಿ ಹೋಗುವಂತಿಲ್ಲ. ಮಿಕ್ಕಿದ ಆರು ಟವೆಲು ಮನೆಯಲ್ಲಿದ್ದವಲ್ಲ, ಮೊದಲ ಆರು ಮನೆಗೆ ಸಾಕು. ಕಪಾಟಿನ ಮೇಲಿನ ಅರೆಯಲ್ಲಿ ಕೈಯಾಡಿಸಿದರು. ಟವೆಲಿನ ಹಿಂದೆ ಗಟ್ಟಿಯಾಗಿ ಏನೋ ತಗುಲಿತು. ಎಳೆದರೆ ತಮ್ಮದೇ ಮನೆಯ ಆಲ್ಬಮ್. ದೇವಾಲಯದಲ್ಲಿ ಸುಟ್ಟು, ಕೈಮುಗಿದು, ಕಣ್ಣೊರೆಸಿಕೊಂಡು ಬಂದ ಆಲ್ಬಮ್.

ಫುಸಾಯೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಈ ತೆರೆಯೂ ಮಾತಾಡಲಿಲ್ಲ.

"ಹಾಗಾದ್ರೆ ಸುಟ್ಟಿದ್ದೇನು?" ಎಂದರು ನೆಗಿಶಿಯವರು.

"ಅಂಗಡಿಯವ್ರ ಕ್ಯಾಟಲಾಗು. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಕಂಪ್ಯೂಟರ್ ಮೇಲೆ ಇರ್ಲಿಲ್ಲ. ಹೇಳಿದ್ರೆ ನೀವು ಬೇಜಾರು ಮಾಡ್ಕೋತಿದ್ರಿ."

"ಫೋಟೋ ಹೋಯ್ತು ಅಂತ ಅತ್ತಾಗಲಾದ್ರೂ ಹೇಳ್ಬಹುದಿತ್ತಲ್ಲ."

"ಅಷ್ಟು ಅಳ್ತಿರೋರಿಗೆ, ನಿಮ್ಮನ್ನ ನಾನು ಮೊದ್ಲೇ ನಂಬಿರ್ಲಿಲ್ಲ ಅಂತ ಹೆಂಗ್ರೀ ಹೇಳೋದು?"

ನೆಗಿಶಿಯವರು ಟವೆಲು ಹಿಡಿದು ಹೊರಬಿದ್ದರು. ತಮ್ಮ ಮನೆಯದೊಂದು ಹೀಗೆ, ಉಳಿದವರ ಕಥೆ ಬೇರೆ ಎಂದುಕೊಂಡು ಮೊದಲು ಕುಬೊಕಿ ಸಾನ್ ಅವರ ಬಾಗಿಲು ತಟ್ಟಿದರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದ ಕುಬೊಕಿ ಸಾನ್ ಬಾಗಿಲು ತೆರೆದವರು, ನೆಗಿಶಿಯವರನ್ನು ಕಂಡ ತಕ್ಷಣ ಚಪ್ಪಲಿ ಗೂಡಿನ ಮೇಲೆ ತೆರೆದಿಟ್ಟಿದ್ದ ಯಾವುದೋ ಪುಸ್ತಕದ ಮೇಲೆ ಸೊಂಟನೋವಿನ ಮನುಷ್ಯ ಕೂರಲಾಗದ ವೇಗದಲ್ಲಿ ಕೂತರು. ಅಂಚಿನಿಂದ ಒಂದು ಚಮಚ, ಒಂದು ಮೊಟ್ಟೆ, ಎಡಕ್ಕೆ ತಿರುಗಿದ ಒಂದು ಬಾಲ ಇಣುಕುತ್ತಿತ್ತು. ನೆಗಿಶಿಯವರು ಟವೆಲು ಕೊಟ್ಟು, ಡಿಸ್ಕ್ ಬಿಚ್ಚುವ ಕಾಮಗಾರಿ, ಶಬ್ದ ಇಲ್ಲ, ಧೂಳು ಇಲ್ಲ, ಎಂದು ಬಗ್ಗಿ ಬಂದರು. ಹಿರುಮ ಸಾನ್ ಮನೆಯಲ್ಲಿ ಎಂಬತ್ನಾಲ್ಕರ ಹಿಮ ಗೋಡೆಯ ಮೇಲೆ, ಕಟ್ಟುಹಾಕಿಸಿಕೊಂಡು, ರಾಜಾರೋಷವಾಗಿ ನೇತಾಡುತ್ತಿತ್ತು. ಹಿರುಮ ಸಾನ್ ತಮ್ಮ ಕೊರಳ ಸೀಟಿಯನ್ನು ತೆಗೆದು ಅದರ ಮೇಲೆ ನೇತುಹಾಕಿದರು. ಸೀಟಿ ಎಷ್ಟನ್ನು ಮುಚ್ಚೀತು? ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದರು.

ಅರ್ಚಕರು ಹೇಳಿದ ಟೆಲಿಫೋನ್ ಡೈರೆಕ್ಟರಿಯ ಮಾತು ನೆಗಿಶಿಯವರಿಗೆ ಮೆಟ್ಟಿಲು ಹತ್ತುತ್ತಿರುವಾಗ ನೆನಪಾಯಿತು. ಇಪ್ಪತ್ನಾಲ್ಕು ಮನೆ. ಯಾರೊಬ್ಬರೂ ಸುಟ್ಟಿಲ್ಲ. ಸುಟ್ಟಿಲ್ಲ ಎಂದರೆ ನೆಗಿಶಿಯವರನ್ನು ನಂಬಲಿಲ್ಲ ಎಂದಾಗುತ್ತದೆ, ಹಾಗೆ ಆಗಬಾರದೆಂದು ಎಂಬತ್ನಾಲ್ಕರ ಮುದುಕ ಹನ್ನೊಂದು ಸಲ ಬಿದ್ದಿದ್ದಾನೆ. ಈಗ ತಾನು, ಹಳೆಯವು ಸಿಕ್ಕಿದವು, ಎಂದರೆ ಅವರೆಲ್ಲ ಬಿದ್ದದ್ದು ದಂಡ. ಅವರು, ಕಳೆದೇ ಇರಲಿಲ್ಲ, ಎಂದರೆ ತಾನು ಅತ್ತದ್ದು ದಂಡ. ಸುಮ್ಮನಿದ್ದರೆ ಐವತ್ತು ವರ್ಷದ ನೆನಪಿನ ಪುಸ್ತಕದಲ್ಲಿ ಹತ್ತಿಯ ಹಿಮ ಬೀಳುತ್ತದೆ.

ಕೊನೆಯ ಬಾಗಿಲು ಸವಾಬೆ ಅಜ್ಜಿಯದು. ಐದಕ್ಕೆ ಇನ್ನು ಐದು ನಿಮಿಷ. ಸಭಾಮಂದಿರ ಎರಡು ಮಹಡಿ ಕೆಳಗೆ, ಓಡಿದರೆ ಫೋಟೋ ಬದಲಾಯಿಸಲು ಹೊತ್ತು ಸಾಕು. ಅಜ್ಜಿ ಬಾಗಿಲು ತೆರೆದರು. ಅವರ ಹೆಗಲಾಚೆ ಒಳಕೋಣೆಯಲ್ಲಿ ತೀರಿಕೊಂಡ ಯಜಮಾನರಿಗೆ ಪೂಜೆ ಮಾಡುವ ಪುಟ್ಟ ಪೀಠ ಕಾಣುತ್ತಿತ್ತು, ಊದುಬತ್ತಿಯ ಹೊಗೆ, ಹೊಗೆಯ ಹಿಂದೆ ಆ ಫೋಟೋ. ಕಲ್ಲಂಗಡಿ. ಕೆಳಗಿಳಿದ ಎಡ ಮೊಣಕೈ. ಹಾಕದ ಎರಡನೇ ಗುಂಡಿ. ಬರಬೇಕಾಗಿ ಬಾರದ ಸೀನು.

ಅಜ್ಜಿ ನೆಗಿಶಿಯವರ ಕಣ್ಣು ಹೋದ ಕಡೆ ನೋಡಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಜರುಗಿ ಅಡ್ಡ ನಿಂತರು, ಅಷ್ಟೆ. ಅಡ್ಡ ನಿಲ್ಲುವಷ್ಟು ಎತ್ತರ ಅವರಿಗಿರಲಿಲ್ಲ.

"ಆ ಮೆಟ್ಟಿಲ ಮೇಲಿನ ಫೋಟೋ ಪುಸ್ತಕದಲ್ಲಿ ಬರತ್ತಲ್ವಾ ನೆಗಿಶಿ ಸಾನ್?" ಎಂದರು. "ಹಳೇದ್ರಲ್ಲಿ ನಾನೇ ಇರ್ಲಿಲ್ಲ. ಆವತ್ತು ಕ್ಯಾಮೆರಾ ಹಿಡ್ಕೊಂಡಿದ್ದವಳು ನಾನೇ ಅಲ್ವಾ. ಅವ್ರ ಪಕ್ಕ ಕೂತಿದ್ದು ಒಂದೂ ಇಲ್ಲ ನನ್ ಹತ್ರ." ಆಮೇಲೆ ಅವರ ಕೈಯಲ್ಲಿದ್ದ ಟವೆಲನ್ನು ಕಂಡು ಮುಖ ಚಿಕ್ಕದು ಮಾಡಿದರು. "ಅಯ್ಯೋ, ಇದೇನು ಮತ್ತೆ. ಈ ಸಲ ಏನು ಕಳೆಯತ್ತೆ?"

ಬಡಾವಣೆಯ ಧ್ವನಿವರ್ಧಕದಲ್ಲಿ ದಿನಾ ಸಂಜೆ ಐದಕ್ಕೆ ಹಾಕುವ ರಾಗ ಶುರುವಾಗುವ ಮುಂಚಿನ ಕೊರಕೊರ ಸದ್ದು ಕೇಳಿಸಿತು. ನೆಗಿಶಿಯವರು ಟವೆಲು ಎರಡೂ ಕೈಯಲ್ಲಿ ಹಿಡಿದು, ಅರ್ಧ ಬಗ್ಗಿ, ಬಾಯಿ ತೆರೆದು ನಿಂತಿದ್ದರು. ಅವರ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?